ಹಕ್ಕುಪತ್ರ ಉಳಿಯಿತು, ಬಂಡಿ ಹೋಯಿತು

2019ನೆಯ ಇಸವಿಯ ಮೇ ತಿಂಗಳ ಕೊನೆಯ ವಾರದಲ್ಲಿ ಒಂದು ಪಂದ್ಯದ ಮೋಟಾರು ಹರಾಜಾಯಿತು. ಅದಕ್ಕೆ ಎಂಜಿನ್ನಿರಲಿಲ್ಲ, ಗಾಲಿಗಳಿರಲಿಲ್ಲ. ಅದನ್ನು ನಿಲ್ಲಿಸಲು ಒಂದು ಗಾರೇಜೂ ಬೇಕಾಗಿರಲಿಲ್ಲ. '1-1-1' ಎಂಬುದೇ ಅದರ ಹೆಸರು. ಹರಾಜು ಕೂಗಿ ಗೆದ್ದವರು ತೆತ್ತ ಬೆಲೆ 415.9 ಈಥರ್; ಅಂದಿನ ಲೆಕ್ಕದಲ್ಲಿ 1,13,000 ಡಾಲರುಗಳಿಗೆ ತುಸು ಮೇಲು; ನಮ್ಮ ರೂಪಾಯಿಗಳಲ್ಲಿ ಹೇಳುವುದಾದರೆ ಮುಕ್ಕಾಲು ಕೋಟಿಯನ್ನೂ ದಾಟಿದ ಹಣ. ಹಾಂಗ್‌ಕಾಂಗಿನ ಆನಿಮೋಕಾ ಬ್ರಾಂಡ್ಸ್ ಎಂಬ ಸಂಸ್ಥೆಯು ಫಾರ್ಮುಲಾ 1 ಪಂದ್ಯಗಳ ಒಡೆಯರಿಂದ ಪರವಾನಗಿ ಪಡೆದು, 'ಎಫ್1 ಡೆಲ್ಟಾ ಟೈಮ್' ಎಂಬ ಗಣಕಯಂತ್ರದ ಆಟವೊಂದನ್ನು ಕಟ್ಟುತ್ತಿದ್ದಿತು. ಆ ಆಟಕ್ಕಾಗಿ ಮಾರಿದ ಮೊಟ್ಟಮೊದಲನೆಯ ಬಂಡಿಯಿದು. ಬಂಡಿ ಮಾರಾಟವಾದ ದಿನ ಅದನ್ನು ಓಡಿಸುವ ಆಟವಿನ್ನೂ ಸಿದ್ಧವಾಗಿರಲಿಲ್ಲವೆಂಬುದನ್ನು ಓದುಗರು ಗಮನಿಸಬೇಕು. ಕೂಸು ಹುಟ್ಟುವುದಕ್ಕೆ ಮುಂಚೆ ಕುಲಾವಿ ಹೊಲಿಸುವುದು ನಮ್ಮಲ್ಲಿ ಗಾದೆ. ಇಲ್ಲಿ ಕುಲಾವಿಯನ್ನು ಹರಾಜು ಹಾಕಿ, ಬಂದ ಹಣದಲ್ಲಿ ಕೂಸನ್ನು ಹುಟ್ಟಿಸುವ ಹವಣಿಕೆ.

ಕೂಸೇನೋ ಹುಟ್ಟಿತು. ಬಂಡಿಗಳು, ಚಾಲಕರು, ಟೈರುಗಳು, ಬಿಡಿಭಾಗಗಳು, ಕಡೆಗೆ ಓಟದ ಹಾದಿಯ ತುಂಡುಗಳು ಸಹ ಮಾರಾಟವಾದವು. ಪಂದ್ಯಗಳೂ ನಡೆದವು. ಆದರೆ 2022ರ ಮಾರ್ಚ್ ತಿಂಗಳ ನಡುವೆ, ಪರವಾನಗಿಯನ್ನು ಮುಂದುವರಿಸಿಕೊಳ್ಳಲಾಗಲಿಲ್ಲವೆಂಬ ಕಾರಣದಿಂದ ಆಟವು ನಿಂತುಹೋಯಿತು. ಬಂಡಿ ಕೊಂಡಿದ್ದವರಿಗೆ ಆ ಸಂಸ್ಥೆಯು ತನ್ನ ಇನ್ನೊಂದು ಆಟದಲ್ಲಿ ಬದಲಿ ಬಂಡಿಗಳನ್ನು ಕೊಡುವುದಾಗಿ ಹೇಳಿತು. ಬದಲಿ ಬಂಡಿ ಸರಿಯೆ. ಆದರೆ ಫಾರ್ಮುಲಾ 1 ಎಂಬ ಹೆಸರಿಗಾಗಿಯೇ ಹಣ ತೆತ್ತವನಿಗೆ ಆ ಹೆಸರಿಲ್ಲದ ಬಂಡಿಯಿಂದ ಏನು ಸಮಾಧಾನ?

ಹಣವಿದ್ದವರ ಹುಚ್ಚು, ಕಳೆದುಕೊಂಡರು, ಎಂದು ನಕ್ಕು ಪುಟ ತಿರುವುವುದು ಸುಲಭ. ಆದರೆ ಈ ಪ್ರಕರಣದಲ್ಲಿ ನಗುವುದಕ್ಕಿಂತ ಯೋಚಿಸುವುದಕ್ಕೆ ಹೆಚ್ಚು ಎಡೆಯಿದೆ. ಏಕೆಂದರೆ ದೊಡ್ಡ ಸಂಸ್ಥೆಯೊಂದು ತುಳಿದ ಈ ಹಾದಿಯನ್ನೇ, ಕೈಯಲ್ಲಿ ಕಾಸಿಲ್ಲದ, ಕಸುಬು ಮಾತ್ರ ಬಲ್ಲ ಅನೇಕ ತರುಣರು ತುಳಿಯಲು ಹೊರಟರು, ಈಗಲೂ ಹೊರಡುವವರಿದ್ದಾರೆ.

ಅಂಥ ಒಬ್ಬ ತರುಣನನ್ನು ಊಹಿಸಿಕೊಳ್ಳಬಹುದು. ಹಗಲು ಎಲ್ಲಿಯೋ ನೌಕರಿ. ರಾತ್ರಿ ಮನೆಯ ಮೂಲೆಯಲ್ಲಿ ಗಣಕದ ಮುಂದೆ ತಪಸ್ಸು. ಅವನು ಕಟ್ಟುತ್ತಿರುವುದು ಮೋಟಾರು ಓಡಿಸುವ ಆಟವಲ್ಲ, ಓಡಿಸುವ ತಂಡವನ್ನು ನಡೆಸುವ ಆಟ. ಆಡುವವನು ಇಲ್ಲಿ ಚಕ್ರ ಹಿಡಿಯುವುದಿಲ್ಲ. ಯಾವ ಚಾಲಕನನ್ನು ಎಷ್ಟು ಸಂಬಳಕ್ಕೆ ಗೊತ್ತುಮಾಡಬೇಕು, ಮೆದು ಟೈರು ಹಾಕಿಸಬೇಕೋ ಗಡಸು ಟೈರೋ, ಮಳೆ ಬರುವಂತಿದ್ದರೆ ಯಾವ ಸುತ್ತಿನಲ್ಲಿ ಬಂಡಿಯನ್ನು ಪಿಟ್‌ಗೆ ಕರೆಯಬೇಕು, ಉಳಿದ ಹಣವನ್ನು ಎಂಜಿನ್ನಿಗೆ ಸುರಿಯಬೇಕೋ ಕಾರ್ಖಾನೆಗೋ ಎಂಬ ಚಿಂತೆಯೇ ಇಲ್ಲಿಯ ಆಟ. ಚದುರಂಗಕ್ಕೂ ದಿನಸಿ ಅಂಗಡಿಯ ಯಜಮಾನಿಕೆಗೂ ನಡುವಿನ ಒಂದು ಸುಖ ಇದರಲ್ಲಿದೆ. ಇಂಥ ಆಟಗಳಿಗೆ ಚರಿತ್ರೆಯೂ ಉಂಟು. 1995ರಲ್ಲಿಯೇ ಮೈಕ್ರೋಪ್ರೋಸ್ ಸಂಸ್ಥೆಯ 'ಗ್ರಾಂಡ್ ಪ್ರೀ ಮ್ಯಾನೇಜರ್' ಬಂದಿತ್ತು. 2014ರಲ್ಲಿ ಇಂಗ್ಲೆಂಡಿನ ಕ್ರಿಶ್ಚಿಯನ್ ವೆಸ್ಟ್ ಎಂಬವರು ಹೆಚ್ಚುಪಾಲು ಒಬ್ಬರೇ ಕುಳಿತು ರಚಿಸಿದ 'ಮೋಟಾರ್‌ಸ್ಪೋರ್ಟ್ ಮ್ಯಾನೇಜರ್' ಕೈಫೋನುಗಳಲ್ಲಿ ಹೆಸರು ಮಾಡಿತು. ಅದು ಬೆಳೆದು 2016ರ ನವೆಂಬರಿನಲ್ಲಿ ಸೆಗಾ ಎಂಬ ಪ್ರಸಿದ್ಧ ಸಂಸ್ಥೆಯ ಮೂಲಕ ಮೇಜಿನ ಗಣಕಗಳಿಗೂ ಬಂದಿತು. ಒಬ್ಬನ ಬೆವರಿನಿಂದಲೂ ಇಂಥದು ಸಾಧ್ಯವೆಂಬುದಕ್ಕೆ ಅದೇ ನಿದರ್ಶನ.

ಆದರೆ ನಮ್ಮ ತರುಣನಿಗೆ ಆಟ ಮುಗಿಯುವತನಕ ಊಟದ ಚಿಂತೆ. ಆ ಹೊತ್ತಿಗೆ ಅವನ ಕಿವಿಗೆ ಬ್ಲಾಕ್‌ಚೈನ್ ಎಂಬ ಮಂತ್ರ ಬೀಳುತ್ತದೆ. ಚಾಲಕರನ್ನೂ ಬಂಡಿಗಳನ್ನೂ ಆಡುವವರಿಗೆ ಆಸ್ತಿಯಾಗಿಯೇ ಮಾರು. ಆಟ ಮುಗಿಯುವ ಮುನ್ನವೇ ಬಂಡವಾಳ ಕೈಸೇರುತ್ತದೆ. ಕೊಂಡವರು ಮತ್ತೊಬ್ಬರಿಗೆ ಮಾರಿದಾಗಲೆಲ್ಲ ನಿನಗೂ ಒಂದು ಪಾಲು ಬರುತ್ತದೆ. ನೀನು ಅಂಗಡಿ ಮುಚ್ಚಿದರೂ ಅವರ ಆಸ್ತಿ ಅವರದಾಗಿಯೇ ಉಳಿಯುತ್ತದೆ. ಕೇಳುವುದಕ್ಕೆ ಎಷ್ಟು ಇಂಪು!

ಈ ಮಂತ್ರದ ಒಳಗಿರುವುದನ್ನು ತಿಳಿಯುವುದು ಅಷ್ಟೇನೂ ಕಷ್ಟವಲ್ಲ. ಹಿಂದೆ ನಮ್ಮ ಹಳ್ಳಿಗಳಲ್ಲಿ ಯಾರ ಹೊಲ ಯಾರದೆಂಬುದು ಶಾನುಭೋಗರ ಲೆಕ್ಕದ ಪುಸ್ತಕದಲ್ಲಿರುತ್ತಿತ್ತು. ಆ ಪುಸ್ತಕ ಒಂದೇ. ಬರೆಯುವ ಕೈಯೂ ಒಂದೇ. ಕೈ ತಪ್ಪಿದರೆ, ಅಥವಾ ಬೆಚ್ಚಗಾದರೆ, ಹೊಲವೂ ಕೈ ಬದಲಾಯಿಸುವುದುಂಟು. ಈಗ ಅದೇ ಪುಸ್ತಕದ ಪ್ರತಿಗಳು ಸಾವಿರಾರು ಜನರ ಬಳಿ ಇವೆಯೆಂದು ಭಾವಿಸಿ. ಒಂದು ಹೊಸ ಪುಟ ಸೇರಬೇಕಾದರೆ ಎಲ್ಲರ ಪ್ರತಿಯಲ್ಲಿಯೂ ಸೇರಬೇಕು. ಪ್ರತಿಯೊಂದು ಪುಟದಲ್ಲಿಯೂ ಹಿಂದಿನ ಪುಟದ ಮುದ್ರೆಯಿರುತ್ತದೆ. ಹಳೆಯ ಪುಟವೊಂದನ್ನು ಗುಟ್ಟಾಗಿ ತಿದ್ದಿದರೆ ಮುಂದಿನ ಮುದ್ರೆಗಳೆಲ್ಲ ತಾಳೆ ತಪ್ಪಿ ಕಳ್ಳತನ ಬಯಲಾಗುತ್ತದೆ. ಇದೇ ಬ್ಲಾಕ್‌ಚೈನ್. 2009ರಲ್ಲಿ ಬಿಟ್‌ಕಾಯಿನ್ನಿನೊಡನೆ ಹಣದ ಲೆಕ್ಕಕ್ಕಾಗಿ ಬಂದ ಈ ಪದ್ಧತಿಯು, 2015ರಲ್ಲಿ ಆರಂಭವಾದ ಇಥೀರಿಯಂ ಎಂಬ ಜಾಲದಿಂದ ಕರಾರುಗಳಿಗೂ ವಿಸ್ತರಿಸಿತು. 2018ರಲ್ಲಿ ಗೊತ್ತಾದ ಇಆರ್‌ಸಿ-721 ಎಂಬ ನಿಯಮಾವಳಿಯ ಪ್ರಕಾರ, ಒಂದೊಂದಕ್ಕೂ ಬೇರೆ ಬೇರೆ ಸಂಖ್ಯೆಯುಳ್ಳ ಟೋಕನ್ನುಗಳನ್ನು ಆ ಪುಸ್ತಕದಲ್ಲಿ ದಾಖಲು ಮಾಡಬಹುದಾಯಿತು. ಹರಾಜಾದ ಬಂಡಿಯೂ ಅಂಥದೊಂದು ಟೋಕನ್ನೇ.

ಮೋಸವಿದೆಯೆ? ಪುಸ್ತಕದಲ್ಲಿ ಇಲ್ಲ. ಕಷ್ಟವಿರುವುದು ಪುಸ್ತಕ ಹೇಳುವ ಮಾತಿನಲ್ಲಲ್ಲ, ಹೇಳದೆ ಬಿಡುವ ಮಾತಿನಲ್ಲಿ. 'ಇಂಥ ಸಂಖ್ಯೆಯ ಟೋಕನ್ನು ಇಂಥ ಬೀಗದ ಕೈಯುಳ್ಳವರದು' ಎಂದಷ್ಟೇ ಅದು ಹೇಳುತ್ತದೆ. ಆ ಸಂಖ್ಯೆಯ ಚಾಲಕನ ಮುಖ ಹೇಗಿದೆ, ಮಳೆಯಲ್ಲಿ ಅವನ ಕೈಚಳಕವೆಷ್ಟು, ಅವನ ಬಂಡಿ ತಿರುವಿನಲ್ಲಿ ಜಾರುತ್ತದೆಯೆ ಇಲ್ಲವೆ ಎಂಬುದೆಲ್ಲ ಆಟ ಕಟ್ಟಿದವನ ಸ್ವಂತ ಯಂತ್ರದಲ್ಲಿರುತ್ತದೆ. ಟೋಕನ್ನಿಗೆ ವಿವರಗಳನ್ನು ಜೋಡಿಸುವುದು ಆ ನಿಯಮಾವಳಿಯಲ್ಲಿ ಕಡ್ಡಾಯವೂ ಅಲ್ಲ. ಜೋಡಿಸಿದರೂ ಅನೇಕ ವೇಳೆ ಅದು ಬೇರೆಲ್ಲೋ ಇರುವ ಕಡತದ ವಿಳಾಸ ಮಾತ್ರ. ಯಂತ್ರ ನಿಂತ ದಿನ ಹಕ್ಕುಪತ್ರ ಉಳಿಯುತ್ತದೆ, ಹೊಲ ಮಾಯವಾಗುತ್ತದೆ.

ಹಾಗಾದರೆ ಓಟವನ್ನೂ ಆ ಪುಸ್ತಕದಲ್ಲಿಯೇ ನಡೆಸಬಾರದೇಕೆ ಎಂದು ಕೇಳಬಹುದು. ಇಪ್ಪತ್ತು ಬಂಡಿಗಳು ಅರುವತ್ತು ಸುತ್ತು ಓಡಿದರೆ 1,200 ಸುತ್ತುಗಳ ಲೆಕ್ಕವಾಯಿತು. ಪ್ರತಿ ಸುತ್ತಿಗೂ ಟೈರಿನ ಸವೆತ, ಪೆಟ್ರೋಲಿನ ತೂಕ, ಹಿಂದಿನವನ ಹಾಯುವಿಕೆ. ಆ ಜಾಲದಲ್ಲಿ ಒಂದು ಗುಣಾಕಾರ ಮಾಡಿದರೂ ಪ್ರತಿಯುಳ್ಳವರೆಲ್ಲರೂ ಅದನ್ನು ಮತ್ತೆ ಮಾಡಿ ನೋಡಬೇಕು. ಅದಕ್ಕೆ ಶುಲ್ಕ ತೆರಬೇಕು. 2017ರ ಡಿಸೆಂಬರಿನಲ್ಲಿ 'ಕ್ರಿಪ್ಟೋಕಿಟ್ಟೀಸ್' ಎಂಬ ಬೆಕ್ಕಿನಮರಿಗಳ ಆಟವೊಂದೇ ಇಥೀರಿಯಂ ಜಾಲವನ್ನು ಉಸಿರುಗಟ್ಟಿಸಿದ್ದುಂಟು. ಇಷ್ಟು ಸಾಲದೆಂದು ದಾಳದ ತೊಡಕು ಬೇರೆ. ಎಲ್ಲರೂ ಒಂದೇ ಲೆಕ್ಕ ಮಾಡಿ ಒಂದೇ ಉತ್ತರ ಪಡೆಯಬೇಕಾದಲ್ಲಿ ದಾಳ ಉರುಳಿಸುವುದು ಹೇಗೆ? ಅದೃಷ್ಟವನ್ನು ಹೊರಗಿನಿಂದ ತರಿಸುವ ಉಪಾಯಗಳಿವೆ, ಅವಕ್ಕೂ ಖರ್ಚು. ಆದುದರಿಂದ ಓಟವನ್ನು ತನ್ನ ಯಂತ್ರದಲ್ಲಿ ನಡೆಸಿ ಫಲಿತಾಂಶವನ್ನಷ್ಟೇ ಪುಸ್ತಕಕ್ಕೇರಿಸುವುದು ವಾಡಿಕೆಯಾಯಿತು. ಅಂದ ಮೇಲೆ ತೀರ್ಪುಗಾರನನ್ನು ನಂಬಲೇಬೇಕು. ನಂಬುಗೆಯ ಅಗತ್ಯವೇ ಇಲ್ಲವೆಂಬ ದೊಡ್ಡ ಮಾತು ಅಲ್ಲಿಗೆ ಮುಗಿಯಿತು. ವಿದ್ಯುತ್ತು ಪೋಲಾಗುತ್ತದೆಂಬ ಹಳೆಯ ಆಕ್ಷೇಪಣೆ ಮಾತ್ರ ಇಂದು ಇಥೀರಿಯಂ ವಿಷಯದಲ್ಲಿ ಸಲ್ಲದು. 2022ರ ಸೆಪ್ಟೆಂಬರಿನಲ್ಲಿ ಪದ್ಧತಿ ಬದಲಾಯಿಸಿ ಅದು ತನ್ನ ವಿದ್ಯುತ್ ಬಳಕೆಯನ್ನು ನೂರಕ್ಕೆ ತೊಂಬತ್ತೊಂಬತ್ತು ಪಾಲಿಗೂ ಹೆಚ್ಚು ತಗ್ಗಿಸಿಕೊಂಡಿದೆ.

ಇವೆಲ್ಲ ಯಂತ್ರದ ತೊಡಕುಗಳು. ಜಾಣರು ಒಂದಿಲ್ಲೊಂದು ದಿನ ಬಿಡಿಸಿಯಾರು. ಬಿಡಿಸಲಾಗದ ತೊಡಕೊಂದು ಆಟದ ಹೃದಯದಲ್ಲಿಯೇ ಇದೆ. ಅದು ಚಾಲಕನ ಮುಪ್ಪು.

ತಂಡ ನಡೆಸುವ ಆಟದ ಸೊಗಸೆಲ್ಲ ಕಾಲದ ಓಟದಲ್ಲಿದೆ. ಹತ್ತೊಂಬತ್ತರ ಹುಡುಗನನ್ನು ಕಡಮೆ ಸಂಬಳಕ್ಕೆ ತಂದು, ಎರಡು ವರ್ಷ ಅವನ ತಪ್ಪುಗಳನ್ನು ಸಹಿಸಿ, ಮೂರನೆಯ ವರ್ಷ ಗೆಲ್ಲುವುದನ್ನು ಕಂಡು ಹಿಗ್ಗಬೇಕು. ಮೂವತ್ತೆಂಟರ ವೀರನ ಕಣ್ಣು ಮಂದವಾಗುವುದನ್ನು ಕಂಡೂ, ಹಳೆಯ ಋಣಕ್ಕಾಗಿ ಇನ್ನೊಂದು ವರ್ಷ ಇರಿಸಿಕೊಂಡು ಸೋಲಬೇಕು. ಮುಪ್ಪಿಲ್ಲದಿದ್ದರೆ ಈ ಆಟಕ್ಕೆ ಕತೆಯೇ ಇಲ್ಲ. ಈಗ ಆ ಹುಡುಗನನ್ನು ಯಾರೋ ಇಪ್ಪತ್ತು ಸಾವಿರ ರೂಪಾಯಿ ಕೊಟ್ಟು ಕೊಂಡಿದ್ದಾರೆಂದು ಭಾವಿಸಿ. ಅವನಿಗೆ ಮುಪ್ಪು ಬರಿಸಿದರೆ ಕೊಂಡವರ ಆಸ್ತಿ ಕರಗುತ್ತದೆ. 'ನಮ್ಮ ಸೊತ್ತನ್ನು ಕದ್ದೆ' ಎಂಬ ಕೂಗೇಳುತ್ತದೆ. ಮುಪ್ಪು ಬರಿಸದಿದ್ದರೆ ಮೊದಲು ಬಂದವರೇ ಚಿರಂಜೀವಿಗಳನ್ನಿಟ್ಟುಕೊಂಡು ಗೆಲ್ಲುತ್ತ ಹೋಗುತ್ತಾರೆ. ಹೊಸಬನಿಗೆ ಬಾಗಿಲು ಮುಚ್ಚುತ್ತದೆ. ಹೊಸಬನಿಗಾಗಿ ಹೊಸ ಚಾಲಕರನ್ನು ಸೃಷ್ಟಿಸಿದರೆ ಹಳೆಯವರ ಬೆಲೆ ಬೀಳುತ್ತದೆ. ಆಸ್ಟ್ರೇಲಿಯದವರು ಕಟ್ಟಿದ 'ಝೆಡ್ ರನ್' ಎಂಬ ಗಣಕ-ಕುದುರೆಗಳ ಪಂದ್ಯದಲ್ಲಿ ಕುದುರೆಗಳಿಂದ ಮರಿ ಹಾಕಿಸುವ ಏರ್ಪಾಡಿತ್ತು. ಲಾಯ ತುಂಬಿದಷ್ಟೂ ಕುದುರೆ ಅಗ್ಗವಾಗುವುದು ಸಂತೆಯ ಧರ್ಮ. ಫಿಲಿಪ್ಪೀನ್ಸಿನ ಎಷ್ಟೋ ಬಡ ಕುಟುಂಬಗಳು 'ಆಕ್ಸಿ ಇನ್‌ಫಿನಿಟಿ' ಎಂಬ ಆಟವನ್ನೇ ಹೊಟ್ಟೆಪಾಡಿಗೆ ಆಡಿದವು. ಅಲ್ಲಿ ಗಳಿಸುತ್ತಿದ್ದ ನಾಣ್ಯದ ಬೆಲೆ 2021ರ ಏರಿನಿಂದ 2022ರ ಆರಂಭದ ಹೊತ್ತಿಗೆ ಹತ್ತರಲ್ಲೊಂದು ಪಾಲಿಗಿಂತ ಕೆಳಕ್ಕಿಳಿದಿತ್ತು. ಅದೇ ಮಾರ್ಚಿನಲ್ಲಿ ಆ ಆಟದ ಜಾಲಕ್ಕೆ ಕನ್ನ ಬಿದ್ದು 60 ಕೋಟಿ ಡಾಲರುಗಳಿಗೂ ಮೀರಿದ ಸೊತ್ತು ಹೋಯಿತು.

ತಪ್ಪು ತಿದ್ದುವ ಸ್ವಾತಂತ್ರ್ಯವೂ ಹೀಗೆಯೇ ಕಳೆದುಹೋಗುತ್ತದೆ. ಯಾವ ಆಟವೂ ಮೊದಲ ದಿನ ಹದವಾಗಿರುವುದಿಲ್ಲ. ಒಂದು ಬಗೆಯ ಎಂಜಿನ್ ಅತಿ ಬಲವಾಯಿತೆಂದು ಕಂಡರೆ ರಚಕನು ಮರುವಾರ ತಿದ್ದುತ್ತಾನೆ. ಆಡುವವರು ಎರಡು ದಿನ ಗೊಣಗಿ ಒಗ್ಗಿಕೊಳ್ಳುತ್ತಾರೆ. ಅದೇ ಎಂಜಿನ್ನನ್ನು ಹಣಕ್ಕೆ ಮಾರಿದ ಮೇಲೆ ತಿದ್ದುವ ಪ್ರತಿಯೊಂದು ಅಂಕಿಯೂ ಯಾರದೋ ಗಂಟಿಗೆ ಕೈ ಹಾಕಿದಂತೆ. ಆಟ ಕಟ್ಟಲು ಕುಳಿತವನು ತನಗರಿವಿಲ್ಲದೆಯೇ ಷೇರುಪೇಟೆಯ ದಲ್ಲಾಳಿಯಾಗಿರುತ್ತಾನೆ. ಆಡಲು ಬಂದವನು ಬಂಡವಾಳಗಾರನಾಗಿ ದಿನವೂ ಓಟದ ಫಲಿತಾಂಶ ಬಿಟ್ಟು ಬೆಲೆಯ ಪಟ್ಟಿಯನ್ನೇ ನೋಡುತ್ತಿರುತ್ತಾನೆ. ರಾತ್ರಿ ನಿದ್ದೆಗೆಟ್ಟು ಟೈರಿನ ಸವೆತವನ್ನು ಲೆಕ್ಕ ಹಾಕಿದ ತರುಣನಿಗೆ ಇದಕ್ಕಿಂತ ದೊಡ್ಡ ನಷ್ಟ ಬೇರೊಂದಿಲ್ಲ.

ಮರುಮಾರಾಟದ ಪಾಲಿನ ಆಸೆಯಾದರೂ ಫಲಿಸಿತೆ? ಆ ಪಾಲನ್ನು ಕೊಡಿಸುವ ಕಟ್ಟು ಟೋಕನ್ನಿನಲ್ಲಿರಲಿಲ್ಲ, ಮಾರುಕಟ್ಟೆಗಳ ಸೌಜನ್ಯದಲ್ಲಿತ್ತು. 2023ರ ಆಗಸ್ಟಿನಲ್ಲಿ ಓಪನ್‌ಸೀ ಎಂಬ ಪ್ರಮುಖ ಮಾರುಕಟ್ಟೆಯೇ ಇನ್ನು ಮುಂದೆ ಆ ಪಾಲು ಕೊಡುವವರ ಇಚ್ಛೆಗೆ ಬಿಟ್ಟದ್ದೆಂದು ಸಾರಿತು. ಇಚ್ಛೆಗೆ ಬಿಟ್ಟ ಸುಂಕವನ್ನು ಯಾರು ಕಟ್ಟುತ್ತಾರೆ! ಗಣಕದ ಆಟಗಳ ಹೆಬ್ಬಾಗಿಲಾದ ಸ್ಟೀಮ್ ಅಂಗಡಿಯಂತೂ 2021ರ ಅಕ್ಟೋಬರಿನಲ್ಲಿಯೇ ಇಂಥ ಟೋಕನ್ನುಗಳ ವ್ಯವಹಾರವುಳ್ಳ ಆಟಗಳಿಗೆ ಪ್ರವೇಶವಿಲ್ಲವೆಂದಿತ್ತು. ನಮ್ಮ ದೇಶದಲ್ಲಿ ಕೊಂಡು ಮಾರುವವರಿಗೆ ಇನ್ನೊಂದು ಲೆಕ್ಕವಿದೆ. 2022ರ ಏಪ್ರಿಲ್ 1ರಿಂದ ಇಂಥ ಸೊತ್ತುಗಳ ಲಾಭದ ಮೇಲೆ ನೂರಕ್ಕೆ 30ರಂತೆ ತೆರಿಗೆ. ಒಂದರಲ್ಲಾದ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯುವಂತಿಲ್ಲ. ಗೆದ್ದ ಬಂಡಿಗೆ ಸರಕಾರ ಪಾಲುದಾರ, ಮುರಿದ ಬಂಡಿಗೆ ಯಜಮಾನನೊಬ್ಬನೇ.

ಹಾಗೆಂದು ಈ ಲೆಕ್ಕದ ಪುಸ್ತಕಕ್ಕೆ ಆಟದಲ್ಲಿ ಎಡೆಯೇ ಇಲ್ಲವೆನ್ನುವುದು ದುಡುಕು. ಒಂದು ಋತುವಿನಲ್ಲಿ ಗೆದ್ದವರ ಹೆಸರನ್ನು ಯಾರೂ ಅಳಿಸಲಾಗದಂತೆ ಬರೆದಿಡುವುದಕ್ಕೆ ಅದಕ್ಕಿಂತ ಒಳ್ಳೆಯ ಶಿಲಾಶಾಸನವಿಲ್ಲ. ಮಾರಾಟವಿಲ್ಲದ ಬಿರುದಿಗೆ ಮುಪ್ಪಿನ ತೊಡಕೂ ಇಲ್ಲ. ಮಾರಲೇಬೇಕಾದರೆ ಬಂಡಿಯ ಬಣ್ಣವನ್ನೂ ತಂಡದ ಲಾಂಛನವನ್ನೂ ಮಾರಬಹುದು. ಅವು ಓಟದ ವೇಗವನ್ನು ಮುಟ್ಟುವುದಿಲ್ಲ. ಆದರೆ ಇಷ್ಟಕ್ಕೆ ಮುಕ್ಕಾಲು ಕೋಟಿ ಸುರಿಯುವವರು ಸಿಕ್ಕುವುದಿಲ್ಲವಾಗಿ, ಈ ಮಾತನ್ನು ಹರಾಜಿನ ಕಟ್ಟೆಯಲ್ಲಿ ಯಾರೂ ಆಡುವುದಿಲ್ಲ.

ಮೇಲೆ ಹೇಳಿದ 'ಮೋಟಾರ್‌ಸ್ಪೋರ್ಟ್ ಮ್ಯಾನೇಜರ್' ಆಟದಲ್ಲಿ ತಂಡಗಳೂ ಚಾಲಕರೂ ಬರಿಯ ಕಲ್ಪನೆ. ಪರವಾನಗಿಯ ಹಂಗಿಲ್ಲದುದರಿಂದ ಅದನ್ನು ಕಸಿದುಕೊಳ್ಳುವವರೂ ಇರಲಿಲ್ಲ. ನಿಜವಾದ ಹೆಸರುಗಳು ಬೇಕೆಂದ ಅಭಿಮಾನಿಗಳು ತಾವೇ ಕುಳಿತು ಅವನ್ನು ತುಂಬಿಕೊಂಡರು; ಯಾರಿಗೂ ಕಾಸು ಕೊಡಲಿಲ್ಲ, ಯಾರಿಂದಲೂ ಕೇಳಲಿಲ್ಲ. ಒಮ್ಮೆ ಬೆಲೆ ತೆತ್ತು ಕೊಂಡವನು ತನ್ನ ಚಾಲಕ ಮುದುಕನಾಗುವುದನ್ನು ಕಂಡು ಮರುಗಿದನೇ ಹೊರತು ದಾವೆ ಹೂಡಲಿಲ್ಲ.

'1-1-1' ಮಾರಾಟವಾದ ದಾಖಲೆಯನ್ನು ನೋಡಬಯಸುವವರು ಇಂದಿಗೂ ನೋಡಬಹುದು. ಇಥೀರಿಯಂ ಪುಸ್ತಕದ ಆ ಪುಟ ಹರಿದಿಲ್ಲ, ಮಾಸಿಲ್ಲ, 415.9 ಎಂಬ ಅಂಕಿಯಲ್ಲಿ ಒಂದು ಚುಕ್ಕೆಯೂ ಅಳಿಸಿಲ್ಲ. ಬಂಡಿ ಓಡಬೇಕಾಗಿದ್ದ ಹಾದಿ ಮಾತ್ರ 2022ರ ಮಾರ್ಚಿನಿಂದ ಎಲ್ಲಿಯೂ ಇಲ್ಲ.