ಹಳೆಯ ಕಂಪ್ಯೂಟರಿನಲ್ಲಿ ಕೋಡ್ ಕಲಿಯುವವರಿಗೆ ಮೊದಲೇ ವಿಮ್ ಬೇಕೆ?

ಬೀದರ್‌ನ ಗುರುನಾನಕ್ ದೇವ್ ಎಂಜಿನಿಯರಿಂಗ್ ಕಾಲೇಜು 1980ರಿಂದ ಇದೆ. ಭಾಲ್ಕಿಯಲ್ಲಿ ಭೀಮಣ್ಣ ಖಂಡ್ರೆ ಅವರ ಹೆಸರಿನ ತಾಂತ್ರಿಕ ವಿದ್ಯಾಲಯವಿದೆ. ಔರಾದ್ ಕಡೆಯ ಮಕ್ಕಳೂ ಡಿಗ್ರಿ, ಡಿಪ್ಲೊಮಾಗಳಲ್ಲಿ ಪ್ರೋಗ್ರಾಮಿಂಗ್ ಓದುತ್ತಾರೆ. ಹೊಸ ಲ್ಯಾಪ್‌ಟಾಪ್ ಕೈಗೆಟುಕದವರಿಗೆ ಸೆಕೆಂಡ್ ಹ್ಯಾಂಡ್ ಯಂತ್ರವೇ ಗತಿ. ಅದಕ್ಕೆ ಸಿಕಂದರಾಬಾದಿನ ಪಾರ್ಕ್ ಲೇನ್ ಬೀದರ್‌ಗೆ ಬೆಂಗಳೂರಿಗಿಂತ ಎಷ್ಟೋ ಹತ್ತಿರ. ಎರಡೋ ನಾಲ್ಕೋ ಜಿಬಿ ರ‍್ಯಾಮ್ ಇರುವ ಇಂಥ ಯಂತ್ರದ ಮುಂದೆ ಕೂತವರಿಗೆ ಮೊದಲ ಎಡಿಟರ್ ಆಗಿ ವಿಮ್ ಕಲಿಸಬೇಕೆ?

ಪರ

ಬಡ ಯಂತ್ರಕ್ಕೆಂದೇ ಹುಟ್ಟಿದ ವಂಶ ವಿಮ್‌ನದು. ಅದರ ಮೂಲವಾದ ವಿಐ ಅನ್ನು ಬಿಲ್ ಜಾಯ್ 1976ರಲ್ಲಿ ಬರ್ಕ್ಲಿಯಲ್ಲಿ ಬರೆದಾಗ ಅವರ ಬಳಿ ಇದ್ದದ್ದು 300 ಬಾಡ್ ಮೋಡೆಮ್, ಅಂದರೆ ಸೆಕೆಂಡಿಗೆ ಸುಮಾರು 30 ಅಕ್ಷರ. ಪರದೆಯನ್ನು ಮತ್ತೆ ಮತ್ತೆ ಬರೆಯುವ ಐಷಾರಾಮಕ್ಕೆ ಅಲ್ಲಿ ಜಾಗವಿರಲಿಲ್ಲ. ಡಿ ಕೀಲಿಯನ್ನು ಎರಡು ಸಲ ಒತ್ತಿದರೆ ಒಂದು ಸಾಲು ಅಳಿಯುವಂಥ ಚುಟುಕು ಆದೇಶಗಳು ಬಂದದ್ದು ಆ ಇಕ್ಕಟ್ಟಿನಿಂದ. ಬ್ರಾಮ್ ಮೋಲೆನಾರ್ ಅಮಿಗಾ ಕಂಪ್ಯೂಟರಿಗೆಂದು 1991ರಲ್ಲಿ ವಿಮ್ ಹೊರತಂದರು, 2023ರಲ್ಲಿ ತೀರಿಕೊಳ್ಳುವವರೆಗೂ ಅದನ್ನು ತಿದ್ದುತ್ತಲೇ ಇದ್ದರು. ಅತ್ತ ವಿಎಸ್ ಕೋಡ್ ಎಂಬ ಎಡಿಟರ್ ತನ್ನೊಳಗೆ ಒಂದಿಡೀ ಕ್ರೋಮಿಯಂ ಬ್ರೌಸರನ್ನೇ ಹೊತ್ತು ತಿರುಗುತ್ತದೆ. ಒಂದು ಜಿಬಿ ರ‍್ಯಾಮ್ ಸಾಕೆಂದು ಅದರ ತಯಾರಕರು ಹೇಳುವುದೇನೋ ನಿಜ, ಆದರೆ ನಾಲ್ಕು ಎಕ್ಸ್‌ಟೆನ್ಷನ್, ಪಕ್ಕದಲ್ಲೊಂದು ಬ್ರೌಸರ್ ಸೇರಿದರೆ ಆ ಲೆಕ್ಕ ನಿಲ್ಲುವುದಿಲ್ಲ. ವಿಂಡೋಸ್ 7ರಲ್ಲಿ ಓಡುವ ಅದರ ಕೊನೆಯ ಆವೃತ್ತಿ 1.70; ಅದು 2022ರದು.

ಕರೆಂಟ್ ಹೋಗುವ ಊರುಗಳಿಗೆ ವಿಮ್‌ನ ಇನ್ನೊಂದು ಗುಣ ಮುಖ್ಯ. ನೀವು 200 ಅಕ್ಷರ ಟೈಪಿಸಿದಾಗ, ಇಲ್ಲವೇ ನಾಲ್ಕು ಸೆಕೆಂಡ್ ಕೈ ಬಿಟ್ಟಾಗ, ಅದು ತಾನಾಗಿ ಒಂದು ಸ್ವಾಪ್ ಫೈಲಿಗೆ ಬರೆದಿಡುತ್ತದೆ. ಯುಪಿಎಸ್ ಕೈಕೊಟ್ಟು ಯಂತ್ರ ಆರಿದರೂ ಮತ್ತೆ ಅದೇ ಫೈಲ್ ತೆರೆದಾಗ ‘ರಿಕವರ್ ಮಾಡಲೇ’ ಎಂದು ಕೇಳುತ್ತದೆ. ‘ತನ್ನದೇ ಎಡಿಟರ್ ಇರುವ ಹಳೆಯ ಕಂಪೈಲರ್ ಟರ್ಬೊ ಸಿ ಪ್ಲಸ್ ಪ್ಲಸ್ ಇದೆಯಲ್ಲ, ಅದೂ ಹಗುರವೇ’ ಎನ್ನುವವರಿದ್ದಾರೆ. ಹಗುರ ಹೌದು. ಆದರೆ ಸಿ ಪ್ಲಸ್ ಪ್ಲಸ್‌ಗೆ ಮೊದಲ ಅಂತರರಾಷ್ಟ್ರೀಯ ಮಾನದಂಡ ಬಂದದ್ದು 1998ರಲ್ಲಿ. ಟರ್ಬೊ ಅದಕ್ಕಿಂತ ಹಿಂದಿನದು. ಅದರಲ್ಲಿ ಇಂಟ್ ಎಂದರೆ ಎರಡೇ ಬೈಟ್, 32,767ಕ್ಕೆ ಒಂದು ಕೂಡಿಸಿದರೆ ಉತ್ತರ ಮೈನಸ್‌ನಲ್ಲಿ ಬರುತ್ತದೆ. ಅದನ್ನೇ ಸಿ ಎಂದು ನಂಬಿ ಕಲಿತವರು ಹೈದರಾಬಾದಿನ ಕಂಪನಿಗೆ ಹೋಗಿ ಎಲ್ಲವನ್ನೂ ಹೊಸದಾಗಿ ಕಲಿಯಬೇಕು. ಲಿನಕ್ಸ್, ಜಿಸಿಸಿ ಕಂಪೈಲರ್, ವಿಮ್ ಈ ಮೂರಕ್ಕೂ ಕಾಸು ಕೊಡಬೇಕಿಲ್ಲ, ಹಳೆಯ ಯಂತ್ರದಲ್ಲೂ ಇಂದಿನ ಸಿ ಕಲಿಯಬಹುದು. ದೂರದ ಸರ್ವರಿಗೆ ಲಾಗಿನ್ ಆದಾಗ ಅಲ್ಲಿ ಸಿಗುವುದೂ ಹೆಚ್ಚಾಗಿ ವಿಐ ಕುಲದ ಎಡಿಟರೇ.

ವಿರೋಧ

ಯಂತ್ರಕ್ಕೆ ಹಗುರವಾದದ್ದು ಕಲಿಯುವವರಿಗೂ ಹಗುರವೆಂದು ಹೇಳಲಾಗದು. ಮೊದಲ ಸೆಮಿಸ್ಟರಿನವರಿಗೆ ಪಾಯಿಂಟರ್ ಒಂದೇ ಸಾಕಷ್ಟು ತಲೆನೋವು. ಅದರ ಮೇಲೆ, ಎಡಿಟರ್ ತೆರೆದು ಟೈಪಿಸಲು ಹೋದರೆ ಅಕ್ಷರ ಮೂಡುವ ಬದಲು ಕರ್ಸರ್ ಎಲ್ಲೆಲ್ಲೋ ಜಿಗಿಯುತ್ತದೆ. ಐ ಒತ್ತಿ ಟೈಪಿಸುವ ಸ್ಥಿತಿಗೆ ಹೋಗಬೇಕು, ಎಸ್ಕೇಪ್ ಒತ್ತಿ ಅದರಿಂದ ಹೊರಬರಬೇಕು. ಕನ್ನಡ ಮಾಧ್ಯಮದಿಂದ ಬಂದವರಿಗೆ ತೊಡಕು ಇನ್ನೂ ಒಂದಿದೆ. ಕೋಡ್ ನಡುವೆ ಕನ್ನಡದಲ್ಲಿ ಟಿಪ್ಪಣಿ ಬರೆದು, ಕೀಲಿಮಣೆ ಕನ್ನಡದಲ್ಲೇ ಇರುವಾಗ ಎಸ್ಕೇಪ್ ಒತ್ತಿದರೆ ಮುಂದಿನ ಆದೇಶಗಳೆಲ್ಲ ಕನ್ನಡ ಅಕ್ಷರಗಳಾಗಿ ಹೋಗುತ್ತವೆ, ವಿಮ್‌ಗೆ ಅವು ಅರ್ಥವಾಗುವುದಿಲ್ಲ. ಪರದೆಯನ್ನು ಸಮಾನ ಚೌಕಗಳಾಗಿ ಕತ್ತರಿಸುವ ಟರ್ಮಿನಲ್‌ಗಳಲ್ಲಿ ‘ಸ್ತ್ರೀ’ಯಂಥ ಒತ್ತಕ್ಷರ ಚೆಲ್ಲಾಪಿಲ್ಲಿಯಾಗುವುದೂ ಉಂಟು. ಇವಕ್ಕೆ ಪರಿಹಾರವಿಲ್ಲವೆಂದಲ್ಲ, ಹೊಸಬರಿಗೆ ಆ ಪರಿಹಾರವೇ ಮತ್ತೊಂದು ಪಾಠ. ಈ ವಿಷಯದಲ್ಲಿ ಈಮ್ಯಾಕ್ಸ್ ಎಂಬ ಎಡಿಟರ್ ವಾಸಿ: ಕನ್ನಡ ಟೈಪಿಸುವ ವಿಧಾನ ಅದರೊಳಗೇ ಇದೆ, 2020ರ 27ನೇ ಆವೃತ್ತಿಯಿಂದ ಲಿಪಿ ಜೋಡಿಸುವ ತಂತ್ರಾಂಶ ಹಾರ್ಫ್‌ಬಜ್ ಸೇರಿ ಅಕ್ಷರಗಳೂ ಸರಿಯಾಗಿ ಕೂಡುತ್ತವೆ. ಎಂಟು ಮೆಗಾಬೈಟ್ ನುಂಗುತ್ತದೆಂದು ಒಂದು ಕಾಲಕ್ಕೆ ಈಮ್ಯಾಕ್ಸನ್ನು ಗೇಲಿ ಮಾಡುತ್ತಿದ್ದರು, ಈಗ ಅದೂ ಹಗುರದ ಸಾಲಿಗೆ ಸೇರಿದೆ.

ಸ್ವಾಪ್ ಫೈಲಿನ ವಾದ ಟರ್ಬೊ ಎದುರು ಗೆಲ್ಲುತ್ತದೆ, ಉಳಿದವುಗಳ ಎದುರು ಅಷ್ಟಾಗಿ ಇಲ್ಲ. ವಿಂಡೋಸ್‌ನ ನೋಟ್‌ಪ್ಯಾಡ್ ಪ್ಲಸ್ ಪ್ಲಸ್ ಕೂಡ ಏಳು ಸೆಕೆಂಡಿಗೊಮ್ಮೆ ಬ್ಯಾಕಪ್ ಇಡುತ್ತದೆ, ಲಿನಕ್ಸ್‌ನ ಜೀನಿಯಂತೂ ಹಳೆಯ ಯಂತ್ರದಲ್ಲಿ ಸಲೀಸಾಗಿ ಓಡುತ್ತದೆ. ಎರಡಕ್ಕೂ ತರಬೇತಿ ಬೇಡ. ಇನ್ನು ವಿಮ್ ಅನ್ನು ‘ಬೇಕಾದಂತೆ ತಿದ್ದಿಕೊಳ್ಳಬಹುದು’ ಎಂಬ ಹೊಗಳಿಕೆಯ ಮಾತು. ಅದರ ಸೆಟ್ಟಿಂಗ್ ಇಡುವ ವಿಮ್‌ಆರ್‌ಸಿ ಫೈಲಿನಲ್ಲಿ ಸಾಲಿನ ಸಂಖ್ಯೆ, ಬಣ್ಣ, ನಾಲ್ಕರ ಟ್ಯಾಬ್ ಎಂದು ಮೂರು ಸಾಲು ಬರೆದರೆ ವಿದ್ಯಾರ್ಥಿಗೆ ಬೇಕಾದದ್ದು ಮುಗಿಯಿತು. ಅಲ್ಲಿಗೆ ನಿಲ್ಲುವವರು ಕಡಿಮೆ. ಪ್ಲಗಿನ್, ಥೀಮ್ ಎಂದು ಕೂತರೆ ಲ್ಯಾಬ್ ರೆಕಾರ್ಡ್ ಖಾಲಿ ಉಳಿಯುತ್ತದೆ. ಹಂಚಿಕೊಂಡು ಬಳಸುವ ಲ್ಯಾಬ್‌ನಲ್ಲಿ ಒಬ್ಬರ ತಿದ್ದುಪಡಿ ಮುಂದಿನ ಬ್ಯಾಚಿನವರ ಗೋಳೂ ಆದೀತು. ಸರ್ವರಿನ ಮಾತು ಮಾತ್ರ ತೂಕದ್ದು, ಅದನ್ನು ತಳ್ಳಿಹಾಕಲಾರೆ. ಆದರೆ ಆ ಅಗತ್ಯ ಬೀಳುವುದು ಲಿನಕ್ಸ್ ಪಾಠ ಶುರುವಾದ ಮೇಲೆ. ವಿಮ್‌ನೊಂದಿಗೇ ಬರುವ ವಿಮ್‌ಟ್ಯೂಟರ್ ಎಂಬ ಪಾಠ ಮುಗಿಸಲು ಅರ್ಧ ಗಂಟೆ ಸಾಕು. ಮೊದಲ ವರ್ಷ ಜೀನಿ ಬಳಸಿ, ಟರ್ಬೊವನ್ನು ಅಂದೇ ಬಿಟ್ಟು, ಎರಡನೇ ವರ್ಷ ಒಂದು ಲ್ಯಾಬ್ ಅವಧಿಯನ್ನು ವಿಮ್‌ಟ್ಯೂಟರಿಗೆ ಕೊಟ್ಟರೆ ವಿಮ್ ಕೈತಪ್ಪಿ ಹೋಗುವುದೇನಿಲ್ಲ.