ಯಾರ ನಡುವೆ ಮೊದಲಿಗ?

ಉಡುಪಿ ಸೀಮೆಯ ಮಟ್ಟು ಗ್ರಾಮದ ಗುಳ್ಳಬದನೆಗೆ ಇರುವ ಹೆಸರು ಎಲ್ಲರಿಗೂ ತಿಳಿದದ್ದೇ. ಅಲ್ಲಿನ ರಾಶಿಯಲ್ಲಿ ಎರಡನೆಯ ದರ್ಜೆಯದೆಂದು ಬದಿಗೆ ಸರಿಸಿದ ಕಾಯಿ ದೂರದ ಸಂತೆಯೊಂದರಲ್ಲಿ ಮೊದಲನೆಯ ದರ್ಜೆಯದೆನಿಸಬಹುದು. ಕಾಯಿ ಅದೇ, ರಾಶಿ ಮಾತ್ರ ಬೇರೆ. ಆಟದ ಅಂಗಳದ ಮಾತೂ ಹೀಗೆಯೇ. ವಲಯಕ್ಕೊಂದು ತಂಡವೆಂಬ ನಿಯಮ ಕೇಳುವುದಕ್ಕೆ ಸಮನಾಗಿದೆ. ವಲಯಗಳ ಬಲ ಸಮನಾಗಿಲ್ಲದಿದ್ದರೆ ಅದೇ ಅನ್ಯಾಯಕ್ಕೆ ದಾರಿಯಾಗುತ್ತದೆ.

ರಣಜಿ ಕ್ರಿಕೆಟ್ಟಿನಲ್ಲಿ ವಲಯದ ವಿಜೇತರು ಮಾತ್ರ ಮುಂದಿನ ಘಟ್ಟಕ್ಕೆ ಹೋಗುವ ಕಾಲವೊಂದಿತ್ತು. 1970-71ರಲ್ಲಿ ವಲಯಕ್ಕೆ ಎರಡು ತಂಡಗಳಿಗೆ ಅವಕಾಶ ದೊರೆಯಿತು. ಆ ಸಲವೇ ಅಂತಿಮ ಪಂದ್ಯದಲ್ಲಿ ಎದುರುಬದುರಾದವು ಮುಂಬಯಿ ಮತ್ತು ಮಹಾರಾಷ್ಟ್ರ. ಎರಡೂ ಪಶ್ಚಿಮ ವಲಯದವು! ಹಳೆಯ ನಿಯಮವೇ ಇದ್ದಿದ್ದರೆ ಅವುಗಳಲ್ಲೊಂದು ವಲಯದಲ್ಲಿಯೇ ನಿಂತುಬಿಡುತ್ತಿತ್ತು.

ಅಮೆರಿಕದ ಕಾಲೇಜು ಬಾಸ್ಕೆಟ್‌ಬಾಲಿನಲ್ಲಿ ಇಂಥದೇ ನಿಯಮ ಕಠೋರವಾಗಿ ಪರಿಣಮಿಸಿತು. ಅಲ್ಲಿನ ಕಾಲೇಜುಗಳು ‘ಕಾನ್ಫರೆನ್ಸ್’ ಎಂಬ ಕೂಟಗಳಲ್ಲಿ ಸೇರಿ ಆಡುತ್ತವೆ. ಆಗ ಒಂದು ಕೂಟದಿಂದ ಒಂದೇ ತಂಡಕ್ಕೆ ರಾಷ್ಟ್ರೀಯ ಪಂದ್ಯಾವಳಿಯ ಆಹ್ವಾನ. 1974ರಲ್ಲಿ ದೇಶದಲ್ಲಿಯೇ ನಾಲ್ಕನೆಯದೆಂದು ಗಣಿತವಾಗಿದ್ದ ಮೇರಿಲ್ಯಾಂಡ್ ತಂಡ, ತನ್ನ ಕೂಟದ ಅಂತಿಮ ಪಂದ್ಯದಲ್ಲಿ ನಾರ್ತ್ ಕೆರೊಲಿನಾ ಸ್ಟೇಟ್ ತಂಡಕ್ಕೆ ಹೆಚ್ಚುವರಿ ಅವಧಿಯಲ್ಲಿ 100-103ರಿಂದ ಸೋತು ಹೊರಗುಳಿಯಿತು. ಗೆದ್ದ ತಂಡ ಮುಂದೆ ರಾಷ್ಟ್ರಪ್ರಶಸ್ತಿಯನ್ನೇ ಪಡೆಯಿತು. ಮರುವರ್ಷ ಎರಡನೆಯವರಿಗೂ ಬಾಗಿಲು ತೆರೆಯಿತು.

ಬಾಗಿಲು ತೆರೆದ ಮೇಲೆ ಯಾರನ್ನು ಒಳಗೆ ಬಿಡಬೇಕೆಂಬುದೇ ಪ್ರಶ್ನೆ. ಕೂಟದ ವಿಜೇತರಿಗೆ ಹಕ್ಕಿನ ಸ್ಥಾನ. ಉಳಿದವರನ್ನು ಆರಿಸುವುದು ಸಮಿತಿ. 2018ರವರೆಗೆ ಅದು ನೆಚ್ಚಿದ್ದ ಅಳತೆಯಲ್ಲಿ ತಂಡದ ಸ್ವಂತ ಗೆಲುವಿಗೆ ಶೇಕಡ 25, ಎದುರಾಳಿಗಳ ಗೆಲುವಿಗೆ 50, ಆ ಎದುರಾಳಿಗಳ ಎದುರಾಳಿಗಳ ಗೆಲುವಿಗೆ 25ರಷ್ಟು ತೂಕವಿತ್ತು. ಎಂದರೆ ಮುಕ್ಕಾಲು ಪಾಲು ಅನ್ಯರ ಸಾಧನೆ! ಬಲಿಷ್ಠನಿಗೆ ಸೋತವನು ಮೇಲೇರಲೂ, ದುರ್ಬಲನನ್ನು ಗೆದ್ದವನು ಕೆಳಗಿಳಿಯಲೂ ಸಾಧ್ಯವಾಯಿತು. ಬಳಿಕ ಬಂದ ಅಳತೆ ಪಂದ್ಯ ನಡೆದ ಸ್ಥಳವನ್ನೂ ಆಟದ ದಕ್ಷತೆಯನ್ನೂ ಲೆಕ್ಕಕ್ಕೆ ತೆಗೆದುಕೊಂಡಿತು. ಆದರೂ ಚಿಕ್ಕ ಕೂಟದವರ ಕಷ್ಟ ತೀರಲಿಲ್ಲ. ದೊಡ್ಡ ತಂಡಗಳು ಅವರ ಅಂಗಳಕ್ಕೆ ಬರುವುದೇ ವಿರಳ. ಎದುರಾಳಿ ದೊರೆಯದವನು ತನ್ನ ಬಲವನ್ನು ತೋರಿಸುವುದೆಲ್ಲಿ?

ಅಂಥವರಿಗೆ ಹಕ್ಕಿನ ಸ್ಥಾನವೇ ಆಸರೆ. 2018ರಲ್ಲಿ ಆ ಹಕ್ಕಿನಿಂದ ಬಂದ ಬಾಲ್ಟಿಮೋರ್ ಕೌಂಟಿಯ ತಂಡ, ಕಡೆಯ ಶ್ರೇಯಾಂಕದ್ದಾಗಿದ್ದರೂ, ಅಗ್ರಶ್ರೇಯಾಂಕದ ವರ್ಜೀನಿಯವನ್ನು 74-54ರಿಂದ ಸೋಲಿಸಿತು.

ನಮ್ಮ ಅಂತರ ವಿಶ್ವವಿದ್ಯಾನಿಲಯ ಪಂದ್ಯಗಳಲ್ಲಿಯೂ ಈ ಪ್ರಶ್ನೆ ಇದೆ. ಉಡುಪಿ, ಕಾರ್ಕಳದ ಕಾಲೇಜುಗಳನ್ನೊಳಗೊಂಡ ಮಂಗಳೂರು ವಿಶ್ವವಿದ್ಯಾನಿಲಯ ಆಡುವುದು ದಕ್ಷಿಣ ವಲಯದಲ್ಲಿ. ಸಾಮಾನ್ಯವಾಗಿ ಪ್ರತಿ ವಲಯದ ಮೊದಲ ನಾಲ್ಕು ತಂಡಗಳು ಅಖಿಲ ಭಾರತ ಘಟ್ಟಕ್ಕೆ ಏರುತ್ತವೆ. ಐದನೆಯ ತಂಡ ಬೇರೆ ವಲಯದಲ್ಲಿದ್ದಿದ್ದರೆ ಏನಾಗುತ್ತಿತ್ತೆಂದು ನಿಯಮ ಕೇಳುವುದಿಲ್ಲ.

ನಿಯಮವನ್ನು ಮರುವರ್ಷ ತಿದ್ದಬಹುದು. ಕಾಲೇಜಿನ ಆಟಗಾರನಿಗೆ ಇರುವುದು ಮೂರು ನಾಲ್ಕು ವರ್ಷಗಳಷ್ಟೇ. ವಿಜೇತನ ಹಕ್ಕು ಉಳಿಯಲಿ. ಬಲಿಷ್ಠ ವಲಯದಲ್ಲಿ ಕೂದಲೆಳೆಯಷ್ಟರಲ್ಲಿ ತಪ್ಪಿಸಿಕೊಂಡವನಿಗೂ ಒಂದೆರಡು ಸ್ಥಾನಗಳಿರಲಿ. ಅವನನ್ನು ತೂಗುವ ತಕ್ಕಡಿ ಮಾತ್ರ ಎಲ್ಲರ ಕಣ್ಣೆದುರಿಗಿರಲಿ.