ಸೀಮೆಯಾಚೆಗೆ ಒಂದೆಲೆ ಬನ್ನಿ



ನಮ್ಮ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಕಡೆಗೆ ದಸರೆಯ ಸಂಜೆ ಯಾವ ಮನೆಯ ಬಾಗಿಲೂ ಮುಚ್ಚಿರುವದಿಲ್ಲ. ಕಿರಿಯರು ಹಿರಿಯರ ಕೈಯಲ್ಲಿ ನಾಲ್ಕು ಬನ್ನಿಯೆಲೆಗಳನ್ನಿಟ್ಟು ಕಾಲಿಗೆರಗುವರು. ಸರೀಕರು ಎಲೆಗಳನ್ನು ಕೊಟ್ಟು ಕೊಂಡು ಅಪ್ಪಿಕೊಳ್ಳುವರು. ‘ಬನ್ನಿ ತಗೊಂಡು ಬಂಗಾರದ್ಹಂಗ ಇರೋಣ’ ಎಂಬದೇ ಆ ದಿನದ ಮಾತು. ಹೊಲದ ಬದುವಿಗಾಗಿ ಜಗಳಾಡಿ ಆರು ತಿಂಗಳಿಂದ ಮಾತು ಬಿಟ್ಟವನೂ ಆ ಸಂಜೆ ಎಲೆಗೆ ಕೈಯೊಡ್ಡಲೇ ಬೇಕು. ಕೈಯೊಡ್ಡದವನನ್ನು ಊರು ಮೆಚ್ಚುವದಿಲ್ಲ.

ಇಂಡಿಯಿಂದ ಉತ್ತರಕ್ಕೆ ಹೋಗಿ ಭೀಮೆಯನ್ನು ದಾಟಿದರೆ ಸೊಲ್ಲಾಪುರ ಜಿಲ್ಲೆ. ಪಶ್ಚಿಮಕ್ಕೆ ತಿರುಗಿದರೆ ಜತ್ತ. ಅಲ್ಲಿಯ ಮರಾಠಿ ಮನೆಗಳಲ್ಲಿ ಅದೇ ಸಂಜೆ ಆಪಟೆಯ ಎಲೆಯನ್ನು ಕೊಟ್ಟು, ‘ಸೋನಂ ಘ್ಯಾ, ಸೋನ್ಯಾಸಾರಖಂ ರಾಹಾ’ ಎನ್ನುತ್ತಾರೆ. ಬಂಗಾರ ತೆಗೆದುಕೊಳ್ಳಿರಿ, ಬಂಗಾರದಂತಿರಿ ಎಂದು ಅದರ ಅರ್ಥ. ಸಂಕ್ರಮಣ ಬಂದಿತೆಂದರೆ ನಾವು ಎಳ್ಳು-ಬೆಲ್ಲ ಕೊಟ್ಟು ಒಳ್ಳೆಯ ಮಾತನಾಡಿರೆನ್ನುತ್ತೇವೆ. ಅವರು ‘ತಿಳಗೂಳ ಘ್ಯಾ, ಗೋಡ ಗೋಡ ಬೋಲಾ’ ಎನ್ನುತ್ತಾರೆ. ಎಲೆ ಬೇರೆ ಗಿಡದ್ದು, ನುಡಿ ಬೇರೆ ಭಾಷೆಯದು. ಹಾರೈಕೆ ಮಾತ್ರ ಒಂದೇ. ಎರಡು ಸೀಮೆಗಳ ಜನರು ಒಬ್ಬರನ್ನೊಬ್ಬರು ಕೇಳಿ ಗೊತ್ತುಮಾಡಿದ ಮಾತೇನಲ್ಲ ಇದು. ನೆರೆಯಲ್ಲಿ ಬಾಳಿ ಬಾಳಿ ತಾನಾಗಿಯೇ ಒಂದಾದ ಮಾತು.

ಈ ನಾಲ್ಕು ತಾಲೂಕುಗಳ ಸುತ್ತಲಿನ ಗೆರೆಗಳು ಎಷ್ಟು ಸಲ ಬದಲಾಗಿವೆಯೆಂಬದನ್ನು ತಿಳಿದರೆ ಈ ಒಂದುತನದ ಬೆಲೆ ಹೊಳೆಯುವದು. 1948ಕ್ಕೆ ಮುಂಚೆ ನಮ್ಮದು ಮುಂಬಯಿ ಪ್ರಾಂತದ ವಿಜಾಪುರ ಜಿಲ್ಲೆ. ಇಂಡಿಯ ನೆರೆಯಲ್ಲಿ ಜತ್ತ, ಅಕ್ಕಲಕೋಟೆಗಳ ಸಂಸ್ಥಾನಗಳು. ಸಿಂದಗಿ, ಮುದ್ದೇಬಿಹಾಳಗಳ ಮೂಡಣಕ್ಕೆ ಹೈದರಾಬಾದಿನ ನಿಜಾಮರ ರಾಜ್ಯ. ಅಫಜಲಪುರದ ಬೀಗರ ಮನೆಗೆ ಹೋಗುವದೆಂದರೆ ಬೇರೊಂದು ರಾಜ್ಯಕ್ಕೇ ಹೋಗುವದಾಗಿತ್ತು. ಅಲ್ಲಿಯ ನಾಣ್ಯ ಹಾಲಿ ಸಿಕ್ಕಾ. ಸರಕಿನ ಮೇಲೆ ಕರೋಡಗಿರಿಯೆಂಬ ಸುಂಕ. ಆದರೆ ಬನ್ನಿಯ ಬಂಗಾರಕ್ಕೆ ವಟ್ಟವೂ ಇಲ್ಲ, ಸುಂಕವೂ ಇಲ್ಲ! 1956ರ ನವೆಂಬರ 1ರಂದು ಆ ಗೆರೆ ಅಳಿದು ಕಲಬುರ್ಗಿ, ವಿಜಾಪುರಗಳು ಒಂದೇ ರಾಜ್ಯದಲ್ಲಿ ಕೂಡಿದವು. ಅದೇ ದಿವಸ ಮತ್ತೊಂದು ಗೆರೆ ಬಲವಾಯಿತು. ಸೊಲ್ಲಾಪುರ, ಅಕ್ಕಲಕೋಟೆ, ಜತ್ತಗಳು ಆಚೆಗುಳಿದು, 1960ರಲ್ಲಿ ಮಹಾರಾಷ್ಟ್ರಕ್ಕೆ ಸೇರಿದವು. ಆಳುವವರ ಗೆರೆಗಳು ಹೀಗೆ ಸರಿದಾಡಿದವು; ಹೆಣ್ಣು ಕೊಟ್ಟು ತಂದ ಮನೆಗಳು ಸರಿದಾಡಲಿಲ್ಲ.

ದಸರೆಯ ಹಬ್ಬಕ್ಕೆ ಇನ್ನೊಂದು ಮುಖವುಂಟು. ಅಂದು ಊರ ಜನರು ದೇವರ ಪಲ್ಲಕ್ಕಿಯೊಡನೆ ಊರ ಎಲ್ಲೆಯನ್ನು ದಾಟಿ ಬನ್ನಿ ಮುಡಿಯುವದಕ್ಕೆ ಹೋಗುವರು. ಇದಕ್ಕೆ ಸೀಮೋಲ್ಲಂಘನವೆಂದು ಹೆಸರು. ಮಳೆಗಾಲ ತೀರಿ, ಹೊಳೆಗಳಿಳಿದು, ಹಾದಿಗಳು ಗಟ್ಟಿಯಾಗುವ ಕಾಲವದು. ಹಿಂದಿನ ಅರಸರು ನೆರೆನಾಡಿನ ಮೇಲೆ ದಂಡೆತ್ತಿ ಹೋಗುವದಕ್ಕೆ ಈ ದಿನವನ್ನೇ ಆರಿಸುತ್ತಿದ್ದರು. ಮರಾಠರ ದಂಡುಗಳು ದಸರೆಯಿಂದಲೇ ಹೊರಬೀಳುತ್ತಿದ್ದವು. ಹೀಗೆ ಒಂದೇ ದಿವಸ ಎಲ್ಲೆಯನ್ನು ದಾಟುವ ಎರಡು ಬಗೆಗಳು ನಮ್ಮ ಮುಂದಿವೆ: ಕತ್ತಿ ಹಿಡಿದು ದಾಟುವದು ಒಂದು, ಎಲೆ ಹಿಡಿದು ದಾಟುವದು ಇನ್ನೊಂದು. ಅರಸರ ಕತ್ತಿಗಳು ಈಗ ವಸ್ತುಸಂಗ್ರಹಾಲಯ ಸೇರಿವೆ. ಒಕ್ಕಲಿಗನ ಎಲೆ ಇನ್ನೂ ಉಳಿದಿದೆ.

ಬನ್ನಿಯ ಪುರಾಣವೂ ಉಪಕಾರಸ್ಮರಣೆಯದೇ. ಪಾಂಡವರು ಶಮೀವೃಕ್ಷದಲ್ಲಿ ಆಯುಧಗಳನ್ನಡಗಿಸಿಟ್ಟು ವಿರಾಟನ ಮನೆಯಲ್ಲಿ ಒಂದು ವರ್ಷ ಅನ್ನವುಂಡರು. ಅರ್ಜುನನು ಆ ಮರದಿಂದ ಗಾಂಡೀವವನ್ನು ಇಳಿಸಿದ್ದು ತನ್ನ ರಾಜ್ಯಕ್ಕಾಗಿ ಅಲ್ಲ. ಆಶ್ರಯ ಕೊಟ್ಟ ನಾಡಿನ ಗೋವುಗಳನ್ನು ಕೌರವರಿಂದ ಬಿಡಿಸುವದಕ್ಕಾಗಿ. ಉಂಡ ಮನೆಯ ಋಣ ಮೊದಲು ತೀರಿತು. ಕುರುಕ್ಷೇತ್ರ ಅನಂತರ ಬಂದಿತು. ಬನ್ನಿಯನ್ನು ಕೈಗೆ ತೆಗೆದುಕೊಳ್ಳುವಾಗ ಇದನ್ನು ಮಕ್ಕಳಿಗೆ ಹೇಳಬೇಕು.

ನೆರೆಹೊರೆಯ ಉಪಚಾರದಲ್ಲಿ ಎಡವಿದರೆ ಏನಾಗುವದೆಂಬದಕ್ಕೆ ನಾವು ದೂರ ಹೋಗಬೇಕಾಗಿಲ್ಲ. ವಿಜಾಪುರದ ಆಸ್ಥಾನದಲ್ಲಿದ್ದುಕೊಂಡು ಇತಿಹಾಸ ಬರೆದ ಫೆರಿಸ್ತನು ಒಂದು ಪ್ರಸಂಗವನ್ನು ಹೇಳಿದ್ದಾನೆ. ವಿಜಯನಗರದ ರಾಮರಾಯನ ಮಗನು ತೀರಿಕೊಂಡಾಗ, ವಿಜಾಪುರದ ಅಲಿ ಆದಿಲಶಹನು ಸುಮಾರು ನೂರು ಸವಾರರನ್ನಷ್ಟೇ ಕರೆದುಕೊಂಡು ಸ್ವತಃ ವಿಜಯನಗರಕ್ಕೆ ಹೋಗಿ ಅವನನ್ನು ಸಂತೈಸಿದನು. ರಾಮರಾಯನು ಬಹು ಆದರದಿಂದ ಎದುರ್ಗೊಂಡನು. ಅವನ ಪತ್ನಿಯು ಸುಲ್ತಾನನನ್ನು ಮಗನೆಂದು ಕರೆದಳು. ಮೂರು ದಿವಸ ಸ್ನೇಹದ ಮಾತುಗಳು ನಡೆದವು. ಆದರೆ ಅತಿಥಿಯು ಹೊರಡುವಾಗ ರಾಮರಾಯನು ಪಟ್ಟಣದ ಹೊರವಳಯದವರೆಗೆ ಬಂದು ಬೀಳ್ಕೊಡಲಿಲ್ಲ. ಸುಲ್ತಾನನು ಬಾಯಿಬಿಟ್ಟು ಏನೂ ಅನ್ನಲಿಲ್ಲ, ಮನಸ್ಸಿನಲ್ಲಿಟ್ಟುಕೊಂಡನು.

1564ರ ಡಿಸೆಂಬರದಲ್ಲಿ ದಖ್ಖನದ ಸುಲ್ತಾನರ ದಂಡುಗಳು ತಾಳಿಕೋಟೆಯಲ್ಲಿ ಕೂಡಿದವು; 1565ರ ಜನವರಿಯಲ್ಲಿ ಕೃಷ್ಣೆಯ ದಂಡೆಯ ರಕ್ಕಸಗಿ-ತಂಗಡಗಿಗಳ ಹೆಸರಿನ ಮಹಾಯುದ್ಧ ನಡೆದು ವಿಜಯನಗರ ಹಾಳಾಯಿತು. ಬಹುಕಾಲ ಮುದ್ದೇಬಿಹಾಳ ತಾಲೂಕಿನಲ್ಲಿದ್ದು ಈಗ ತಾನೇ ತಾಲೂಕಾಗಿರುವ ತಾಳಿಕೋಟೆಯೇ ಇದು. ಆ ಯುದ್ಧಕ್ಕೆ ಕೋಟೆ, ಕಂದಾಯ, ಅಧಿಕಾರಗಳ ಕಾರಣಗಳು ಅನೇಕವಿದ್ದವು. ಬೀಳ್ಕೊಡದ ಒಂದು ತಪ್ಪಿನಿಂದ ಸಾಮ್ರಾಜ್ಯ ಮುಳುಗಿತೆಂದು ಯಾರೂ ಹೇಳಲಾರರು. ಆದರೆ ಅನೇಕ ಕಾರಣಗಳ ನಡುವೆ ಇದನ್ನೂ ಇತಿಹಾಸಕಾರನು ಮರೆಯದೆ ಬರೆದಿಟ್ಟನೆಂಬದು ಲಕ್ಷ್ಯದಲ್ಲಿಡತಕ್ಕ ಮಾತು. ದೊಡ್ಡ ಉಪಕಾರಗಳನ್ನು ಜನರು ಮರೆಯುವರು, ಸಣ್ಣ ಅನಾದರವನ್ನು ಮರೆಯರು.

ನಮ್ಮ ಗೃಹಿಣಿಯರು ಈ ರಾಜನೀತಿಯನ್ನು ರಾಮರಾಯನಿಗಿಂತ ಚೆನ್ನಾಗಿ ಬಲ್ಲರು. ರಮಜಾನದ ಹಬ್ಬಕ್ಕೆ ಪಕ್ಕದ ಮನೆಯಿಂದ ಸುರಕುಂಬಾದ ಬೋಗುಣಿ ಬರುವದು. ಯುಗಾದಿಗೆ ಆ ಮನೆಗೆ ಹೋಳಿಗೆ ಹೋಗುವದು. ಬಂದ ಬೋಗುಣಿಯನ್ನು ಬರಿದಾಗಿ ತಿರುಗಿ ಕಳುಹಿಸಬಾರದೆಂಬದು ಮನೆಯ ಕಟ್ಟಳೆ. ಒಂದು ಹಿಡಿ ಸಕ್ಕರೆ, ಅದೂ ಇಲ್ಲದಿದ್ದರೆ ನಾಲ್ಕು ಕಾಳು ಜೋಳವನ್ನಾದರೂ ಹಾಕಿ ಕಳುಹುವರು. ಕೊಟ್ಟದ್ದಕ್ಕೆ ಸರಿಗಟ್ಟಬೇಕೆಂಬ ಲೆಕ್ಕವಲ್ಲ ಅದು. ‘ನಿಮ್ಮದು ನಮಗೆ ಮುಟ್ಟಿತು, ನೆನಪಿದೆ’ ಎಂಬ ರಸೀದಿ.

ಪರದೇಶದಲ್ಲಿಯೂ ಈ ಕಟ್ಟಳೆಯನ್ನು ಕಾಣಬಹುದು. 1917ರ ಡಿಸೆಂಬರ 6ರಂದು ಕೆನಡಾದ ಹ್ಯಾಲಿಫ್ಯಾಕ್ಸ್ ಬಂದರದಲ್ಲಿ ಮದ್ದು ತುಂಬಿದ ಹಡಗೊಂದು ಇನ್ನೊಂದಕ್ಕೆ ತಾಕಿ ಸಿಡಿಯಿತು. ಎರಡು ಸಾವಿರದ ಹತ್ತಿರ ಜನರು ಸತ್ತರು. ಗಾಯಗೊಂಡವರು ಸುಮಾರು ಒಂಬತ್ತು ಸಾವಿರ. ನೆರೆಯ ದೇಶವಾದ ಅಮೇರಿಕೆಯ ಬಾಸ್ಟನ್ ನಗರದಿಂದ ಅದೇ ರಾತ್ರಿ ವೈದ್ಯರು, ದಾದಿಯರು, ಔಷಧಗಳನ್ನು ಹೊತ್ತ ರೈಲು ಹೊರಟು, ಹಿಮದ ಬಿರುಗಾಳಿಯನ್ನು ಭೇದಿಸಿಕೊಂಡು ಬಂದು ಮುಟ್ಟಿತು. ಮರುವರ್ಷದ ಕ್ರಿಸ್ತಮಸ್ಸಿಗೆ ಹ್ಯಾಲಿಫ್ಯಾಕ್ಸಿನವರು ಬಾಸ್ಟನ್ನಿಗೆ ಹಬ್ಬದ ಮರವೊಂದನ್ನು ಕಳುಹಿಸಿ ಕೃತಜ್ಞತೆಯನ್ನು ಸೂಚಿಸಿದರು. 1971ರಿಂದೀಚೆಗೆ ಆ ಕೆನಡಾ ಪ್ರಾಂತವಾದ ನೋವಾ ಸ್ಕೋಷಿಯಾ ವರ್ಷ ವರ್ಷವೂ ತನ್ನ ಕಾಡಿನ ದೊಡ್ಡ ಮರವನ್ನು ಕಡಿದು ಕಳುಹುತ್ತ ಬಂದಿದೆ. ಉಪಕಾರ ಮಾಡಿದವರೂ ಪಡೆದವರೂ ಗತಿಸಿದ್ದಾರೆ. ಬೋಗುಣಿ ಮಾತ್ರ ಇನ್ನೂ ತುಂಬಿಯೇ ಹೋಗುತ್ತಿದೆ.

ನಮ್ಮ ಸೀಮೆಗೆ ಇಂಥ ಋಣಗಳಿಲ್ಲವೇ? ಧಾರಾಳವಾಗಿ ಇವೆ. 1947-48ರಲ್ಲಿ ರಜಾಕಾರರ ಹಾವಳಿಗೆ ಬೆದರಿ ನಿಜಾಮ ಸೀಮೆಯ ಅನೇಕ ಕುಟುಂಬಗಳು ಎಲ್ಲೆ ದಾಟಿ ಬಂದು ಮುಂಬಯಿ ಪ್ರಾಂತದ ಊರುಗಳಲ್ಲಿ ಆಶ್ರಯ ಪಡೆದವು. 1948ರ ಸೆಪ್ಟೆಂಬರ 17ರಂದು ಹೈದರಾಬಾದು ವಿಮೋಚನೆ ಹೊಂದಿತು. ಒಂದು ತಿಂಗಳೊಳಗಾಗಿಯೇ ದಸರೆ ಬಂದಿತು. ಆ ವರ್ಷ ಕೊಟ್ಟು ಕೊಂಡ ಬನ್ನಿಯ ತೂಕ ಎಷ್ಟಿದ್ದಿತೆಂಬದನ್ನು ವಾಚಕರೇ ಊಹಿಸಬಲ್ಲರು.

ಇನ್ನು ನೀರಿನ ಋಣ. ನಮ್ಮ ಭೀಮೆಯೂ ಕೃಷ್ಣೆಯೂ ಮಹಾರಾಷ್ಟ್ರದಲ್ಲಿ ಹುಟ್ಟಿ, ಅಲ್ಲಿಯ ಅಣೆಕಟ್ಟುಗಳನ್ನು ದಾಟಿ ನಮ್ಮಲ್ಲಿಗೆ ಬರುವವು. 2023ರ ಬೇಸಗೆಯಲ್ಲಿ ನಮ್ಮ ಮುಖ್ಯಮಂತ್ರಿಗಳು ಉಜನಿಯಿಂದ ಭೀಮೆಗೆ 3 ಟಿಎಂಸಿ, ವಾರಣಾ-ಕೊಯ್ನಾಗಳಿಂದ ಕೃಷ್ಣೆಗೆ 2 ಟಿಎಂಸಿ ನೀರು ಬಿಡಬೇಕೆಂದು ಮಹಾರಾಷ್ಟ್ರಕ್ಕೆ ಪತ್ರ ಬರೆದರು. ಅದಕ್ಕೂ ಹಿಂದಿನ ವರ್ಷದ ಕೊನೆಯಲ್ಲಿ ನಮ್ಮ ತುಬಚಿ-ಬಬಲೇಶ್ವರ ಏತ ನೀರಾವರಿಯ ನೀರು ಜತ್ತ ತಾಲೂಕಿನ ಒಣಗಿದ ಕೆರೆಗೆ ಹರಿದಿತ್ತು. ಆ ನೀರಿನ ಹಿಂದೆ ಯಾರ ಯಾವ ಉದ್ದೇಶವಿತ್ತೆಂಬದು ರಾಜಕಾರಣದ ಚರ್ಚೆ. ಬಾಯಾರಿದ ದನಕ್ಕೆ ನೀರು ನೀರೇ. ಅದೇ ದಿವಸಗಳಲ್ಲಿ ಗಡಿವಾದ ಕೆರಳಿ ಆ ಕಡೆ ನಮ್ಮ ಬಸ್ಸುಗಳಿಗೆ ಮಸಿ ಬಳಿದರು. ಈ ಕಡೆ ಅವರ ಲಾರಿಗಳ ಮೇಲೆ ಕಲ್ಲು ತೂರಿದರು. ಕೆಲಕಾಲ ಬಸ್ಸುಗಳೇ ನಿಂತವು. ಗಾಜು ಒಡೆದವರಿಗೆ ಬೀಗರ ಮನೆ ಎಲ್ಲೆಯಾಚೆಗೆ ಇರಲಿಲ್ಲವೆಂದು ತೋರುತ್ತದೆ. ತವರಿಗೆ ಹೊರಟ ಹೆಣ್ಣುಮಗಳು ಮಾತ್ರ ನಿಲ್ದಾಣದಲ್ಲಿ ಕುಳಿತಳು.

‘ಒಂದು ಎಲೆಯಿಂದ ಗಡಿವಾದ ತೀರುವದೇ?’ ಎಂದು ವಾಚಕರು ಕೇಳಬಹುದು. ತೀರುವದಿಲ್ಲ. 1967ರಲ್ಲಿ ಮಹಾಜನ ಆಯೋಗವು ವರದಿ ಕೊಟ್ಟಿತು. ಒಬ್ಬರು ಒಪ್ಪಿದರು, ಇನ್ನೊಬ್ಬರು ಒಪ್ಪಲಿಲ್ಲ. 2004ರಲ್ಲಿ ಮಹಾರಾಷ್ಟ್ರವು ಸರ್ವೋಚ್ಚ ನ್ಯಾಯಾಲಯದ ಕಟ್ಟೆಯೇರಿತು. ನ್ಯಾಯ ಹೇಳುವದು ನ್ಯಾಯಾಧೀಶರ ಕೆಲಸ. ಆದರೆ ಯಾವ ತೀರ್ಪು ಬಂದರೂ ಮರುದಿವಸ ಅದೇ ಹೊಳೆಯ ಎರಡು ದಂಡೆಗಳಲ್ಲಿ ಅವರೇ ಅವರು ನೀರು ತುಂಬಬೇಕಷ್ಟೆ. ಅಂದು ಮುಖ ನೋಡಿ ಮಾತನಾಡುವಷ್ಟು ಮನಸ್ಸನ್ನು ಉಳಿಸಿಕೊಳ್ಳುವದು ನ್ಯಾಯಾಲಯದಿಂದ ಆಗುವದಿಲ್ಲ. ಅದು ಮನೆಗಳಿಂದಲೇ ಆಗಬೇಕು. ಭಾರತ-ಪಾಕಿಸ್ತಾನಗಳ ಅಟಾರಿ-ವಾಘಾ ಗಡಿಯಲ್ಲಿ ಕಾವಲು ಪಡೆಯವರು ಈದಿಗೂ ದೀಪಾವಳಿಗೂ ಮಿಠಾಯಿ ಕೊಟ್ಟುಕೊಳ್ಳುವ ಪದ್ಧತಿ ಬಹುಕಾಲ ನಡೆದು ಬಂದಿತು. ಸಂಬಂಧ ಕೆಟ್ಟ ವರ್ಷಗಳಲ್ಲಿ ಅದು ನಿಂತದ್ದುಂಟು. ನಿಂತಾಗ ಅದು ಎರಡೂ ದೇಶಗಳಲ್ಲಿ ಸುದ್ದಿಯಾಯಿತು. ಪೊಳ್ಳು ಉಪಚಾರವಾಗಿದ್ದರೆ ನಿಂತದ್ದು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ಆದುದರಿಂದ ಗೃಹಸ್ಥರಲ್ಲಿ ಎರಡೇ ಬಿನ್ನಹಗಳು. ಈ ಸಲದ ದಸರೆಗೆ ಎಲ್ಲೆಯಾಚೆಯ ಒಂದು ಮನೆಗಾದರೂ ಬನ್ನಿ ಮುಟ್ಟಲಿ. ಹೋಗುವದು ಸಾಧ್ಯವಿದ್ದರೆ ಹೋಗಿರಿ. ಇಲ್ಲವಾದರೆ ಒಂದು ಕಾಗದದಲ್ಲಿ ನಾಲ್ಕು ಎಲೆಗಳನ್ನಿಟ್ಟು ಅಂಚೆಗೆ ಹಾಕಿರಿ. ಫೋನಿನಲ್ಲಿ ಬರುವ ಚಿತ್ರದ ಶುಭಾಶಯವನ್ನು ನೂರು ಜನರಿಗೆ ದಾಟಿಸುವದಕ್ಕಿಂತ, ಒಬ್ಬರನ್ನೇ ಹೆಸರು ಹಿಡಿದು ಕರೆದು, ಅವರು ಮಾಡಿದ ಒಂದು ಉಪಕಾರವನ್ನು ನೆನೆದು ಮಾತನಾಡುವದು ಮೇಲು. ಎರಡನೆಯದು: ಮಕ್ಕಳಿಗೆ ನೆರೆಯವರ ಭಾಷೆಯಲ್ಲಿ ಹಬ್ಬದ ಆ ಒಂದು ವಾಕ್ಯವನ್ನು ಕಲಿಸಿರಿ. ಭೀಮೆಯ ದಂಡೆಯ ಹುಡುಗನಿಗೆ ‘ಸೋನಂ ಘ್ಯಾ’ ಎನ್ನಲು ಬಂದರೆ ಕನ್ನಡಕ್ಕೆ ಕೊರತೆಯಾಗದು. ಅವನ ಮಾತಿಗೆ ಆಚೆಯ ಮಗುವು ‘ಬಂಗಾರದ್ಹಂಗ ಇರೋಣ’ ಎಂದು ಕನ್ನಡದಲ್ಲಿ ಮರುನುಡಿದರೆ ಅದಕ್ಕಿಂತ ದೊಡ್ಡ ಕನ್ನಡ ಸೇವೆ ಯಾವದು?

ಸರಕಾರಗಳಿಗೂ ಒಂದು ಮಾತು ಸಲ್ಲುವದು. ಬೇಸಗೆಯಲ್ಲಿ ನೀರು ಬೇಡಿ ಪತ್ರ ಬರೆಯುವ ಕೈ, ನೀರು ಬಂದ ಮೇಲೆ ಮುಟ್ಟಿತೆಂದು ವಂದಿಸಿ ಇನ್ನೊಂದು ಪತ್ರವನ್ನೂ ಬರೆಯಲಿ. ಆಚೆಯವರೂ ಹಾಗೆಯೇ ಮಾಡಲಿ. ಬೋಗುಣಿ ಬರಿದಾಗಿ ತಿರುಗಬಾರದು.